ಪ್ರಾಣಿ ಗುಣವಾಚಕಗಳ ಪದಕೋಶ: ಬಸವನಹುಳುವಿನ ನಮೂದು

ಪ್ರಾಣಿಗಳನ್ನು ಆಧರಿಸಿದ ಇಂಗ್ಲಿಷ್ ಗುಣವಾಚಕಗಳಿಗೆ ಕನ್ನಡದಲ್ಲಿ ಅರ್ಥ ಬರೆಯುವ ನನ್ನ ಹವ್ಯಾಸದ ಪದಕೋಶ ಈಗ ಬಸವನಹುಳುವಿನ ಬಳಿ ಬಂದು ನಿಂತಿದೆ. ನಾಯಿ, ಬೆಕ್ಕು, ಕುದುರೆಗಳ ನಮೂದುಗಳು ಒಂದೆರಡು ಸಾಲಿನಲ್ಲೇ ಮುಗಿದಿದ್ದವು. ಇದು ಮಾತ್ರ ಪುಟವೊಂದನ್ನೇ ಬೇಡುತ್ತಿದೆ.

'ಸ್ನೇಲ್‌ಲೈಕ್' ಎಂಬುದರ ಎದುರು 'ಬಸವನಹುಳುವಿನಂಥ' ಎಂದಷ್ಟೇ ಬರೆದರೆ, ಹುಳುವಿನ ಯಾವ ಗುಣವನ್ನು ಹೋಲಿಸಲಾಗಿದೆ ಎಂಬುದು ಓದುಗರಿಗೆ ತಿಳಿಯುವುದಿಲ್ಲ. ಆದ್ದರಿಂದ ನಮೂದನ್ನು ಗುಣಗಳ ಪ್ರಕಾರ ಒಡೆದಿದ್ದೇನೆ. ಮೊದಲನೆಯದು ವೇಗ. ತೋಟದ ಬಸವನಹುಳು ಸೆಕೆಂಡಿಗೆ ಸುಮಾರು 1 ಮಿಲಿಮೀಟರ್ ಸಾಗುತ್ತದೆ, ಅಂದರೆ 1 ಮೀಟರ್ ದಾಟಲು ಕಾಲು ಗಂಟೆಗೂ ಹೆಚ್ಚು ಹೊತ್ತು ಬೇಕು. ಈ ಅರ್ಥಕ್ಕೆ ರೂಢಿಯಲ್ಲಿರುವ 'ಆಮೆಗತಿಯ' ಎಂಬುದನ್ನೇ ಇಟ್ಟುಕೊಂಡಿದ್ದೇನೆ. ಪ್ರಾಣಿ ಬದಲಾದರೂ ಅರ್ಥಕ್ಕೆ ಕುಂದಿಲ್ಲ.

ಹೆಚ್ಚು ಸಮಯ ಹಿಡಿದದ್ದು ಆಕಾರ. ಈ ಅರ್ಥಕ್ಕೆ ವಿಜ್ಞಾನದ ಇಂಗ್ಲಿಷ್ ಲ್ಯಾಟಿನ್ನಿನ ಮೊರೆಹೋಗಿ 'ಕಾಕ್ಲಿಯೇಟ್' ಎನ್ನುತ್ತದೆ. ಮನುಷ್ಯನ ಒಳಗಿವಿಯಲ್ಲಿ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡಿರುವ, ಶಬ್ದದ ಕಂಪನವನ್ನು ನರಸಂಕೇತವಾಗಿ ಮಾರ್ಪಡಿಸುವ ಕಾಕ್ಲಿಯಾಕ್ಕೆ ಹೆಸರು ಬಂದದ್ದೂ ಬಸವನಹುಳು ಎಂಬ ಅರ್ಥದ ಅದೇ ಮೂಲದಿಂದ. ಸಸ್ಯಶಾಸ್ತ್ರಜ್ಞರು ಮೆಡಿಕಾಗೊ ಕುಲದ ಹಲವು ಸಸ್ಯಗಳ ಸುತ್ತಿಕೊಂಡ ಕಾಯಿಗಳನ್ನೂ ಹೀಗೆಯೇ ವರ್ಣಿಸುತ್ತಾರೆ. 'ಸುರುಳಿಯಾಕಾರದ' ಎಂದರೆ ಸಾಲದೇ ಎಂದು ಕೇಳಬಹುದು. ಸ್ಪ್ರಿಂಗಿನ ಸುತ್ತುಗಳು ಒಂದೇ ಅಗಲದವಾಗಿರಬಹುದು. ಬಸವನಹುಳುವಾದರೋ ಚಿಪ್ಪಿನ ಬಾಯಂಚಿಗೆ ಹೊಸ ಪದರ ಸೇರಿಸುತ್ತ ಬೆಳೆಯುವುದರಿಂದ ಅದರ ಪ್ರತಿ ಸುತ್ತೂ ಹಿಂದಿನದಕ್ಕಿಂತ ಹಿಗ್ಗುತ್ತದೆ. ಈ ಹಿಗ್ಗು ಕೈಬಿಡಬಾರದೆಂದು 'ಚಿಪ್ಪುಸುರುಳಿಯ' ಎಂಬ ಪದವನ್ನು ಕಟ್ಟಿದ್ದೇನೆ. ಕಿವಿಗೆ ಇನ್ನೂ ಒಗ್ಗಿಲ್ಲ, ಆದರೆ ಚಿತ್ರ ಸರಿಯಾಗಿ ಮೂಡಿಸುತ್ತದೆ.

ಗಂಟೆ ಬಾರಿಸುವ ಕೆಲವು ಗಡಿಯಾರಗಳಲ್ಲಿ 12 ಮೆಟ್ಟಿಲುಗಳ ತಟ್ಟೆಯೊಂದಿದ್ದು, ಎಷ್ಟು ಹೊಡೆತ ಬೀಳಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಅದರ ಹೆಸರೂ 'ಸ್ನೇಲ್'. ಅದು ನಾಮಪದವಾದ್ದರಿಂದ ಅಡಿಟಿಪ್ಪಣಿಗೆ ಇಳಿಸಿದ್ದೇನೆ, ಪೂರ್ತಿ ಬಿಡಲು ಮನಸ್ಸಾಗಲಿಲ್ಲ.

ಉಳಿದಿರುವುದು 'ಲಿಮಸೈನ್'. ಅದು ಹೊರಚಿಪ್ಪಿಲ್ಲದ ಹುಳುವಿಗೆ ಸಂಬಂಧಿಸಿದ್ದರಿಂದ ಅಲ್ಲಿ ಸುರುಳಿಯ ಮಾತಿಲ್ಲ; ಮೈಯ ಮೆದುತನ ಮತ್ತು ಲೋಳೆಯನ್ನು ಹೇಳುವ ಪ್ರತ್ಯೇಕ ನಮೂದಾಗಿ ಅದನ್ನು ಮುಂದಿನ ಕಂತಿನಲ್ಲಿ ಸೇರಿಸುತ್ತೇನೆ.