ಈ ಅಂದರೆ ಉಳ್ಳಾಗಡ್ಡಿ

14 ಜುಲೈ 2025, ಸೋಮವಾರ
ಧಾರವಾಡ

ಬೆಳಗಿನಿಂದ ಜಿಟಿಜಿಟಿ ಮಳೆ. ಅಂಗನವಾಡಿಗೆ ಬಂದಿದ್ದು ಹನ್ನೊಂದೇ ಮಕ್ಕಳು. ಹೊರಗೆ ಆಡಿಸುವ ಹಾಗಿರಲಿಲ್ಲ. ಕಾಗದದ ಡಬ್ಬಿ ಕೆಳಗಿಳಿಸಿದೆ.

ಈ ತಿಂಗಳು ಅಕ್ಷರಗಳನ್ನು ತಿನ್ನೋ ಪದಾರ್ಥದ ಜೊತೆ ಕಲಿಸುತ್ತಿದ್ದೇನೆ. ಅ ಅರಸ, ಈ ಈಟಿ ಅಂತ ನಾವೆಲ್ಲ ಕಲಿತೆವು. ನಾಲ್ಕು ವರ್ಷದ ಮಗು ಈಟಿಯನ್ನು ಎಲ್ಲಿ ನೋಡಿರುತ್ತೆ? ಅವಲಕ್ಕಿಯನ್ನು ನೋಡಿರುತ್ತೆ, ಅದರ ವಾಸನೆಯೂ ಗೊತ್ತು. ಹೋದ ವರ್ಷ ನಿಜವಾದ ಕಾಳುಗಳನ್ನೇ ಅಂಟಿಸುತ್ತಿದ್ದೆ. ಒಬ್ಬ ಹುಡುಗ ಕಡಲೆಕಾಳನ್ನು ಮೂಗಿಗೆ ತುರುಕಿಕೊಂಡ. ಅವನಮ್ಮ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದನ್ನು ನಾನು ಇನ್ನೂ ಮರೆತಿಲ್ಲ. ಅವತ್ತಿನಿಂದ ಕಾಳು ಬಂದ್, ಬರೀ ಕಾಗದ.

ದಪ್ಪ ಕಾಗದಕ್ಕೆ ಹಳೇ ಲಗ್ನಪತ್ರಿಕೆಗಳೇ ಸಾಕು. ಅದರ ಬೆನ್ನಿಗೆ ದೊಡ್ಡದಾಗಿ ಅಕ್ಷರ ಬರೆದು ಕೊಡುತ್ತೇನೆ, ಮಕ್ಕಳು ಗೆರೆಯ ಮೇಲೆ ಅಂಟಿಸುತ್ತಾ ಹೋಗುತ್ತಾರೆ. ಎ ಮೇಲೆ ಎಳ್ಳು: ಪಂಚಿಂಗ್ ಮಷೀನಿನಿಂದ ಉದುರಿದ ಬಿಳಿ ಚುಕ್ಕೆಗಳು. ಉ ಮೇಲೆ ಉಪ್ಪು: ಬೆರಳಲ್ಲಿ ಸಣ್ಣಗೆ ಹರಿದ ಬಿಳಿ ಕಾಗದ. ಏ ಅಂದರೆ ಏಲಕ್ಕಿ, ಹಸಿರು ಕಾಗದದ ಪುಟ್ಟ ಪೊಟ್ಟಣ, ಒಳಗೆ ಕರಿ ಕಾಗದದ ಉಂಡೆಗಳು. ಮೂರು ವರ್ಷದವರ ಕೈಗೆ ಕತ್ತರಿ ಕೊಡುವುದಿಲ್ಲ. ಅವರು ಹರಿಯಬೇಕು, ಉಂಡೆ ಮಾಡಬೇಕು, ಒತ್ತಬೇಕು. ಮುಂದೆ ಪೆನ್ಸಿಲ್ ಹಿಡಿಯೋಕೆ ಬೇಕಾದ ಬೆರಳಿನ ಬಲ ಬರೋದು ಅದರಿಂದಲೇ. ಒಣಗಿದ ಮೇಲೆ ಕಣ್ಣು ಮುಚ್ಚಿಸಿ, ಆ ಉಬ್ಬಿನ ಮೇಲೆ ಬೆರಳಾಡಿಸಿ ಅಕ್ಷರ ಹೇಳಿಸುತ್ತೇನೆ. ಋಗೆ ತಿಂಡಿ ಸಿಗಲಿಲ್ಲ. ಹುಡುಕಿ ಹುಡುಕಿ ಬಿಟ್ಟುಬಿಟ್ಟೆ.

ಅಂಟು ಮೈದಾದ್ದು. ನಮ್ಮಜ್ಜ ಪುಸ್ತಕ ಕಟ್ಟುವಾಗ ಹುಳ ಹತ್ತದಿರಲಿ ಅಂತ ಗಂಜಿಗೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ, ಬೆರಳು ಬಾಯಿಗಿಡುವ ಮಕ್ಕಳ ಹತ್ತಿರ ಅದನ್ನು ತರಲೇಬಾರದು. ಅದಕ್ಕೆ ದಿನಾ ಬೆಳಿಗ್ಗೆ ಬೇಕಾದಷ್ಟೇ ಕಾಯಿಸುತ್ತೇನೆ, ಉಳಿದರೆ ಚೆಲ್ಲುತ್ತೇನೆ.

ಇವತ್ತು ‘ಈ’ ಅಕ್ಷರದ ಸರದಿ. ಗುಲಾಬಿ ಕಾಗದದ ಪಟ್ಟಿಗಳನ್ನು ಉಂಗುರ ಮಾಡಿ, ದೊಡ್ಡದರೊಳಗೆ ಸಣ್ಣದು, ಅದರೊಳಗೆ ಇನ್ನೂ ಸಣ್ಣದು. ಅಡ್ಡ ಕೊಯ್ದ ಈರುಳ್ಳಿಯ ಹಾಗೇ ಬಂತು. ಎಲ್ಲರೂ ಮಾಡಿದರು. ಎತ್ತಿ ಹಿಡಿದು ಕೇಳಿದೆ, "ಇದೇನು?"

"ಉಳ್ಳಾಗಡ್ಡಿ!" ಹನ್ನೊಂದೂ ಬಾಯಿ ಒಟ್ಟಿಗೆ.

"ಈರುಳ್ಳಿ ಅಂತಾನೂ ಅಂತಾರೆ. ಈ... ಈರುಳ್ಳಿ."

ಎರಡು ಜಡೆಯ ಪುಟ್ಟಿ ಎದ್ದು ನಿಂತಳು. ಮೊನ್ನೆ ಮಾಡಿದ ಉಪ್ಪಿನ ಕಾರ್ಡನ್ನು ಗೋಡೆಯಿಂದ ಕಿತ್ತು ತಂದು, ಉಂಗುರಗಳನ್ನು ಅದರ ಮೇಲಿಟ್ಟಳು. "ಇದು ಇಲ್ಲಿದ್ರೀ ಅಕ್ಕಾರ. ಉ, ಉಳ್ಳಾಗಡ್ಡಿ."

ನನಗೆ ಮೈ ಜುಮ್ ಅಂತು. ಆ ಮಗು ಪದದ ಮೊದಲ ಸದ್ದನ್ನು ತಾನೇ ಬಿಡಿಸಿ ಹಿಡಿದಿತ್ತು. ಇಡೀ ತಿಂಗಳು ನಾನು ಕಾಯುತ್ತಿದ್ದದ್ದು ಇದಕ್ಕೇ ಅಲ್ವಾ? ನಾನು ತುಮಕೂರಿನ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು. ಸಂತೆಯಲ್ಲಿ ಉಳ್ಳಾಗಡ್ಡಿ ಅಂತಲೇ ಕೇಳಿ ತರುತ್ತೇನೆ. ಆದರೂ ಕಲಿಸೋಕೆ ಕೂತಾಗ ಬಾಯಿಗೆ ಬಂದದ್ದು ನನ್ನ ತವರಿನ ಪದ. ಈರುಳ್ಳಿ ತಪ್ಪಲ್ಲ, ಮುಂದೆ ಪುಸ್ತಕದಲ್ಲಿ ಅವರಿಗೆ ಸಿಕ್ಕೇ ಸಿಗುತ್ತದೆ. ಆದರೆ ಈಗ, ಅಕ್ಷರವೇ ಹೊಸದಾಗಿರುವಾಗ, ಪದವನ್ನೂ ಹೊಸದಾಗಿ ಹೊರಿಸಬಾರದು. ಎಲ್ಲರ ಉಂಗುರಗಳನ್ನೂ ಉ ಮೇಲೆ ಅಂಟಿಸೋಕೆ ಹೇಳಿದೆ.

ಹಾಗಾದರೆ ‘ಈ’ಗೆ ಏನು? ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಸಹಾಯಕಿ ಅಕ್ಕ ಅಲ್ಲಿಂದಲೇ ಹೇಳಿದರು, "ಈಚಲಹಣ್ಣ ಮಾಡಸ್ರೀ ಟೀಚರ್." ಎಷ್ಟು ಚೆನ್ನಾಗಿದೆ! ಕಿತ್ತಳೆ ಬಣ್ಣದ ಕಾಗದವನ್ನು ಉದ್ದುದ್ದ ಉಂಡೆ ಮಾಡಿ ಗೊಂಚಲು ಕಟ್ಟಿದರೆ ಆಯಿತು.

ಮಳೆಗೆ ಒಂದು ಕಾರ್ಡೂ ಒಣಗಲಿಲ್ಲ. ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟು ಬಂದೆ. ಪುಟ್ಟಿ ಮಾತ್ರ ತನ್ನದನ್ನು ಬಿಡಲಿಲ್ಲ. ಊಟ ಮುಗಿಯುವವರೆಗೂ ಎಡಗೈಯಲ್ಲಿ ಹಿಡಿದೇ ಇದ್ದಳು. ಕರೆದೊಯ್ಯಲು ಬಂದ ಅವಳಜ್ಜಿಗೆ ಕೊಡೆಯ ಕೆಳಗೆ ನಿಂತು ತೋರಿಸುತ್ತಿದ್ದಳು. ಅಜ್ಜಿ ಹಸಿ ಅಂಟಿನ ಮೇಲೆ ಬೆರಳಿಟ್ಟು, ಮೊಮ್ಮಗಳು ಹೇಳಿದ ಹಾಗೆ ನಿಧಾನವಾಗಿ ಉ ತಿದ್ದಿದರು.

ಒಂದನೇ ಕ್ಲಾಸಿನಲ್ಲಿ ರ, ಗ, ಸ, ದ, ಅ ಅಂತ ಶುರುಮಾಡುತ್ತಾರೆ. ನಾಳೆಯಿಂದ ನಾನೂ ಅದನ್ನೇ ಹಿಡಿಯುತ್ತೇನೆ. ರ ರೊಟ್ಟಿ, ಗ ಗಜ್ಜರಿ, ಸ ಸವತಿಕಾಯಿ, ದ ದಪಾಟಿ, ಅ ಅವಲಕ್ಕಿ. ಪಟ್ಟಿಯನ್ನು ಮೊದಲು ಸಹಾಯಕಿ ಅಕ್ಕನಿಗೆ ಓದಿ ಹೇಳಬೇಕು. ರೊಟ್ಟಿಗೆ ನೋಟ್‌ಬುಕ್ಕಿಗೆ ಹಾಕುವ ಖಾಕಿ ಕಾಗದ ತೆಗೆದಿಟ್ಟಿದ್ದೇನೆ. ಸುಟ್ಟ ಚುಕ್ಕೆಗಳಿಗೆ ಕಾಫಿ ಡಿಕಾಕ್ಷನ್, ಅದರಲ್ಲಿ ಅದ್ದಿದ ಹೆಬ್ಬೆರಳು.