ಬೆನ್ವೆನುತಿಯ ಬಲಗೈ
1960ರ ರೋಮ್ ಒಲಿಂಪಿಕ್ಸ್‌ನ ಅತ್ಯುತ್ತಮ ಬಾಕ್ಸರ್ ಪ್ರಶಸ್ತಿ ಹೋದದ್ದು ಕ್ಯಾಸಿಯಸ್ ಕ್ಲೇಗಲ್ಲ (ಮುಂದೆ ಮುಹಮ್ಮದ್ ಅಲಿ ಆದವ), ವೆಲ್ಟರ್‌ವೇಟ್ ತೂಕ ವಿಭಾಗದಲ್ಲಿ ಚಿನ್ನ ಗೆದ್ದ ಇಟಲಿಯ ನೀನೊ ಬೆನ್ವೆನುತಿಗೆ. ಆತನ ಅಸಲಿ ಆಸ್ತಿ ಬಲಗೈ ಅಪ್ಪರ್‌ಕಟ್, ಅಂದರೆ ಕೆಳಗಿನಿಂದ ಮೇಲಕ್ಕೆತ್ತಿ ಹೊಡೆವ ಗುದ್ದು. 1965ರಲ್ಲಿ ಮಿಲಾನ್‌ನಲ್ಲಿ ಎದುರಾಳಿ ಮಾತ್ಸಿಂಗಿ ಆರನೇ ಸುತ್ತಿಗೆ ಮಲಗಿದ್ದು ಅದಕ್ಕೇ.

ಈ ಪಂಚ್ ಬರೀ ತೋಳಿನದ್ದಲ್ಲ. ಮೊಣಕಾಲು ತುಸು ಮಡಚಿ, ಮೊಣಕೈ ಪಕ್ಕೆಗೆ ಹತ್ತಿರವಿಟ್ಟು, ಸೊಂಟ ತಿರುಗಿಸುತ್ತ ಮೇಲಕ್ಕೆತ್ತಬೇಕು. ಕೈಯನ್ನು ತೊಡೆಯ ತನಕ ಇಳಿಸಿದಿರೋ ಕೆಟ್ಟಿತು, ದವಡೆ ಬಯಲಾಗಿ ಎದುರಾಳಿಯ ಎಡ ಹುಕ್ (ಪಕ್ಕದಿಂದ ಬಾಗಿ ಬರುವ ಗುದ್ದು) ನೇರ ಬಂದು ಕೂರುತ್ತದೆ.

1967ರಲ್ಲಿ ನ್ಯೂಯಾರ್ಕ್‌ನಲ್ಲಿ ಆಗಿನ ಚಾಂಪಿಯನ್ ಎಮಿಲ್ ಗ್ರಿಫಿತ್ ಎರಡನೇ ಸುತ್ತಿಗೇ ನೆಲ ಕಂಡ. ನಾಲ್ಕರಲ್ಲಿ ಬೆನ್ವೆನುತಿಯೂ ಕಂಡ. ಆದರೂ 15 ಸುತ್ತು ನಿಂತು ಮಿಡಲ್‌ವೇಟ್ ಪಟ್ಟ ಕಿತ್ತುಕೊಂಡ. 1970ರಲ್ಲಿ ರೋಮ್‌ನಲ್ಲೇ ಅರ್ಜೆಂಟೀನಾದ ಬಾಕ್ಸರ್ ಮೊನ್ಸೋನ್‌ಗೆ ಅದನ್ನು ಒಪ್ಪಿಸಿದ.

ವಿಚಿತ್ರ ಅಂದ್ರೆ, ಮೂರು ಸಲ 15 ಸುತ್ತು ಗುದ್ದಾಡಿದ ಅದೇ ಗ್ರಿಫಿತ್ ಆಮೇಲೆ ಇವನ ಮಗನಿಗೆ ಗಾಡ್‌ಫಾದರ್ (ಕ್ರೈಸ್ತ ದೀಕ್ಷೆಯ ಧರ್ಮಪಿತ) ಆದ!