ಒಂದು ಜೀಪು, ಮೂರು ಅನುದಾನ

ಆಷಾಢದ ಮಳೆ ಹಿಡಿದಿತ್ತು. ತೀರ್ಥಹಳ್ಳಿಯ ನಮ್ಮ ಆಫೀಸಿನಲ್ಲಿ ಮಧ್ಯಾಹ್ನವೇ ಕತ್ತಲೆ, ಕರೆಂಟಿಲ್ಲ. ಮೊಬೈಲಿನ ಬೆಳಕಲ್ಲಿ ಜೀಪಿನ ಡೀಸೆಲ್ ಬಿಲ್ಲನ್ನು ಮೂರು ಪಾಲು ಮಾಡುತ್ತಾ ಕೂತಿದ್ದೆ.

ನಮ್ಮದು ಸಣ್ಣ ಟ್ರಸ್ಟ್. ಮಕ್ಕಳಿಗೆ ಸಂಜೆ ಪಾಠ, ಶಾಲೆಗಳಿಗೆ ಪುಸ್ತಕದ ಪೆಟ್ಟಿಗೆ, ಹೆಣ್ಣುಮಕ್ಕಳಿಗೆ ಆರೋಗ್ಯ ಶಿಬಿರ. ಮೂರಕ್ಕೂ ದುಡ್ಡು ಕೊಡುವ ಸಂಸ್ಥೆ ಒಂದೇ. ಆದರೆ ಬೇರೆ ಬೇರೆ ವರ್ಷ ಶುರುವಾದವು. ಹಾಗಾಗಿ ಒಂದರ ರಿನ್ಯೂವಲ್ ಏಪ್ರಿಲ್‌ಗೆ, ಇನ್ನೊಂದರದ್ದು ಜುಲೈಗೆ, ಮತ್ತೊಂದರದ್ದು ನವೆಂಬರ್‌ಗೆ. ಮೂರು ವರದಿ, ದುಡ್ಡು ಕೊಟ್ಟ ಕೆಲಸಕ್ಕೇ ಖರ್ಚಾಯಿತು ಅನ್ನುವ ಮೂರು ಯುಟಿಲೈಸೇಶನ್ ಸರ್ಟಿಫಿಕೇಟ್. ಒಂದು ಕೆಲಸಕ್ಕೆ ಕೊಟ್ಟ ದುಡ್ಡನ್ನು ಇನ್ನೊಂದಕ್ಕೆ ಮುಟ್ಟಬಾರದು, ಅದು ಸರಿ. ಆದರೆ ನಮ್ಮ ಜೀಪು ಒಂದೇ ದಿನ ಪುಸ್ತಕವನ್ನೂ ನರ್ಸನ್ನೂ ಕೂರಿಸಿಕೊಂಡು ಆಗುಂಬೆ ಕಡೆ ಹೋಗಿ ಬರುತ್ತದೆ. ಆ ಡೀಸೆಲ್ ಯಾರ ಲೆಕ್ಕಕ್ಕೆ ಬರೆಯಲಿ?

ಅಷ್ಟರಲ್ಲಿ ಸಂಜೆ ಪಾಠದ ಹುಡುಗಿಯ ಫೋನು. "ಅಕ್ಕಾ, ಈ ತಿಂಗಳಾದ್ರೂ ಬರ್ತೀರಾ? ಮಕ್ಕಳು ಕೇಳ್ತಾ ಇದಾರೆ."

ಎರಡು ತಿಂಗಳಾಗಿತ್ತು ನಾನು ಆ ಊರಿಗೆ ಹೋಗಿ. ಬಿಲ್ಲು ಪಕ್ಕಕ್ಕಿಟ್ಟೆ. ಅವತ್ತೇ ದುಡ್ಡು ಕೊಡುವ ಸಂಸ್ಥೆಗೆ ಪತ್ರ ಬರೆಯಲು ಕೂತೆ. ಏಪ್ರಿಲ್ 1ರಿಂದ ಮೂರನ್ನೂ ಸೇರಿಸಿ ಒಂದೇ ಅನುದಾನ ಮಾಡಿ. ಒಳಗೆ ಮೂರು ಬಜೆಟ್ ಬೇರೆ ಬೇರೆಯಾಗಿಯೇ ಇರಲಿ. ಜೀಪು, ಬಾಡಿಗೆ, ಲೆಕ್ಕ ಬರೆಯುವವರ ಸಂಬಳಕ್ಕೆ ನಾಲ್ಕನೆಯದೊಂದು ಬಜೆಟ್ ಕೊಡಿ. ದಾನ ಕೊಟ್ಟವರಿಗೆ ಆದಾಯ ತೆರಿಗೆ ರಿಯಾಯಿತಿ ಸಿಗಲು ಬೇಕಾದ 80ಜಿ ನೋಂದಣಿಯ ನವೀಕರಣ ಕೂಡ 5 ವರ್ಷಕ್ಕೊಮ್ಮೆ ಬರುತ್ತದೆ, ನಮಗೆ ಇದು ವರ್ಷಕ್ಕೆ ಮೂರು ಸಲ ಅಂತಲೂ ಬರೆದೆ.

ನಮ್ಮ ಅಧ್ಯಕ್ಷರು ನಿವೃತ್ತ ಮೇಷ್ಟ್ರು, ತೋಟದವರು. ಪತ್ರ ಓದಿ ಸುಮ್ಮನೆ ಕೂತರು. ಆಮೇಲೆ, "ಮೂರು ದಂಬೆಯಲ್ಲಿ ಬರೋ ನೀರನ್ನ ಒಂದಕ್ಕೇ ಬಿಟ್ಟು, ಆ ದಂಬೆ ಒಡೆದ್ರೆ ಏನ್ ಮಾಡ್ತೀಯಮ್ಮ?" ಅಂದರು.

ನನಗೆ ಅದು ಹೊಳೆದೇ ಇರಲಿಲ್ಲ. ಇಲ್ಲಿತನಕ ಒಂದು ರಿನ್ಯೂವಲ್ ತಪ್ಪಿದರೂ ಎರಡು ಉಳಿಯುತ್ತಿತ್ತು. ಇನ್ನು ತಪ್ಪಿದರೆ ಎಲ್ಲವೂ ಒಟ್ಟಿಗೇ ಹೋಗುತ್ತದೆ, ಅಲ್ವಾ? ಪತ್ರಕ್ಕೆ ಇನ್ನೆರಡು ಸಾಲು ಸೇರಿಸಿದೆವು: ಒಪ್ಪಂದ ಮೂರು ವರ್ಷದ್ದಾಗಲಿ, ನಿಲ್ಲಿಸುವುದಾದರೆ ಆರು ತಿಂಗಳು ಮೊದಲೇ ಹೇಳಿ. ಆಡಿಟರ್ ಇನ್ನೊಂದು ಹೇಳಿದರು. ಜುಲೈ, ನವೆಂಬರ್‌ನವು ಅವಧಿಯ ನಡುವೆಯೇ ಮುಗಿಯುತ್ತವೆ, ಉಳಿದ ಹಣ ಹೊಸದಕ್ಕೆ ಸೇರಿಸಲು ದುಡ್ಡು ಕೊಡುವವರ ಒಪ್ಪಿಗೆ ಬರಹದಲ್ಲೇ ಇರಬೇಕು. ಅದೂ ಸೇರಿತು.

ಉತ್ತರ ಬಂದಿದ್ದು ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ. ಒಪ್ಪಿದ್ದರು. ಮೊತ್ತ ಕಡಿಮೆ ಮಾಡಿರಲಿಲ್ಲ. ನನಗೆ ಕಣ್ಣು ತುಂಬಿತು. ಮೇಷ್ಟ್ರು ಮಾತ್ರ ಕನ್ನಡಕ ಹಾಕಿಕೊಂಡು, "ಆರು ತಿಂಗಳ ಮಾತು ಎಲ್ಲಿದೆ, ತೋರ್ಸು" ಅಂದರು. ಎರಡನೇ ಪುಟದಲ್ಲಿತ್ತು. ಬೆರಳಿಟ್ಟು ಓದಿದರು.

ಮಾರನೇ ದಿನ ಬೆಳಿಗ್ಗೆ ಪುಸ್ತಕದ ಪೆಟ್ಟಿಗೆಯ ಪಕ್ಕ ಜಾಗ ಮಾಡಿಕೊಂಡು ನಾನೂ ಜೀಪು ಹತ್ತಿದೆ.